ಸ್ವೀಡಿಷ್ ಮಸಾಜ್: ಆ ಕೋಣೆಯೊಳಗೆ ಏನು ನಡೆಯುತ್ತದೆ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಈದ್‌ಗೆ ಊರಿಗೆ ಬಂದವಳು, ಹೊರಡುವ ದಿನ ತಾಯಿಯ ಕೈಗೆ ಒಂದು ಲಕೋಟೆ ಕೊಟ್ಟು ಹೋದಳು. ದುಡ್ಡಿರಬಹುದೆಂದು ಬಿಚ್ಚಿದರೆ ಒಳಗಿದ್ದುದು ಒಂದು ಚೀಟಿ. 'ಸ್ವೀಡಿಷ್ ಮಸಾಜ್, 60 ನಿಮಿಷ.' ಜೊತೆಗೆ ಶಿವಮೊಗ್ಗದ ಒಂದು ವಿಳಾಸ. ಹಿಂಬದಿಯಲ್ಲಿ ಮಗಳ ಕೈಬರಹ: 'ಅಮ್ಮೀ, ಒಂದು ಗಂಟೆ ಸುಮ್ಮನೆ ಮಲಗಿ ಬನ್ನಿ.'

ಆ ತಾಯಿ ಭದ್ರಾವತಿಯಲ್ಲಿ ನಮ್ಮ ನೆರೆಮನೆಯವರು. ನಾವೆಲ್ಲ ಅವರನ್ನು ಆಪಾ ಎನ್ನುತ್ತೇವೆ. ಆಪಾ ಚೀಟಿಯನ್ನು ಮೊದಲು ಅಕ್ಕಿ ಡಬ್ಬದ ಕೆಳಗೆ ಬಚ್ಚಿಟ್ಟರು. ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದು, ಮಕ್ಕಳು ಹೊರಗೆ ಹೋದ ಮೇಲೆ ದನಿ ತಗ್ಗಿಸಿ ಕೇಳಿದರು: "ಅಲ್ಲಿ ಏನು ಮಾಡುತ್ತಾರೆ? ಬಟ್ಟೆ ಬಿಚ್ಚಬೇಕಾ? ಗಂಡಸರು ಇರುತ್ತಾರಾ? ಮರ್ಯಾದಸ್ಥರು ಹೋಗುವ ಜಾಗವಾ ಅದು?"

ಪ್ರಿಯ ಸಹೋದರಿ, ಈ ನಾಲ್ಕು ಪ್ರಶ್ನೆಗಳು ನಿಮ್ಮ ಮನಸ್ಸಿನಲ್ಲೂ ಎಂದಾದರೂ ಎದ್ದಿರಬಹುದು. ಬ್ಯೂಟಿ ಪಾರ್ಲರ್‌ಗಳ ಬೋರ್ಡಿನಲ್ಲಿ, ದೊಡ್ಡ ಹೋಟೆಲುಗಳಲ್ಲಿ, ಪ್ರಕೃತಿ ಚಿಕಿತ್ಸೆಯ ಕೇಂದ್ರಗಳಲ್ಲಿ ಈ ಹೆಸರು ಈಗ ಸಾಮಾನ್ಯವಾಗಿದೆ. ಆದರೆ ಒಳಗೆ ಏನು ನಡೆಯುತ್ತದೆ ಎಂದು ಹೇಳುವವರು ಕಡಿಮೆ. ಕೇಳಲು ನಾಚಿಕೆ, ಹೇಳಲು ಸಂಕೋಚ. ಹೀಗೆ ತಿಳಿಯದೆ ಹೋಗಿ ಮುಜುಗರಪಟ್ಟವರೂ ಇದ್ದಾರೆ, ತಿಳಿಯದೆ ಹೆದರಿ ನೋವನ್ನು ನುಂಗಿಕೊಂಡು ಕುಳಿತವರೂ ಇದ್ದಾರೆ.

ನಮ್ಮ ಭದ್ರಾವತಿ ದುಡಿಮೆಯ ಊರು. 1923ರಲ್ಲಿ ಇಲ್ಲಿನ ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಆಮೇಲೆ ಕಾಗದದ ಕಾರ್ಖಾನೆ ಬಂತು. ಪಾಳಿ ಮುಗಿಸಿ ಬಂದ ಅಬ್ಬಾನ ಬೆನ್ನಿಗೆ ಬಿಸಿ ಎಣ್ಣೆ ಹಾಕಿ ತಿಕ್ಕಿದ ನೆನಪು ನನ್ನ ವಯಸ್ಸಿನ ಅನೇಕರಿಗೆ ಇದೆ. ಗಂಡಸರ ಆ ದಣಿವಿಗೆ ಮನೆಯಲ್ಲಿ ಒಂದು ಮರ್ಯಾದೆ ಇತ್ತು. "ಅಬ್ಬಾ ಬಂದರು, ಗಲಾಟೆ ಮಾಡಬೇಡಿ" ಎನ್ನುತ್ತಿದ್ದರು. ಹೆಂಗಸರ ದಣಿವಿಗೆ ಸೈರನ್ ಇರಲಿಲ್ಲ, ಪಾಳಿ ಮುಗಿಯುವ ಹೊತ್ತೂ ಇರಲಿಲ್ಲ. ಸುಗ್ಗಿಯಲ್ಲಿ ದಿನವಿಡೀ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವವರ ಸೊಂಟ, ಹೊಲಿಗೆ ಯಂತ್ರದ ಮುಂದೆ ಬಗ್ಗಿದವರ ಕತ್ತು, ಮಗುವನ್ನು ಒಂದೇ ಪಕ್ಕದಲ್ಲಿ ಎತ್ತಿಕೊಂಡು ಅಡಿಗೆ ಮಾಡುವವರ ಹೆಗಲು. ಇವುಗಳ ಬಗ್ಗೆ ಯಾರು ಕೇಳುತ್ತಾರೆ? ಕೇಳಿದರೂ ನಾವೇ, "ಏನಿಲ್ಲ, ಸ್ವಲ್ಪ ವಾಯು" ಎಂದು ಹೇಳಿ ಮುಗಿಸುತ್ತೇವೆ.

ನಮ್ಮ ಕೇರಿಯಲ್ಲಿ ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಒಬ್ಬ ಅಜ್ಜಿ ಇದ್ದರು. ನನಗೂ ಅವರೇ ಹಾಕಿದ್ದು. ಅವರ ಕೈ ಬೆನ್ನ ಮೇಲೆ ಬಿದ್ದರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಒಂದು ದಿನ ಸುಮ್ಮನೆ ಕೇಳಿದೆ, "ನಿಮಗೆ ಯಾರು ತಿಕ್ಕುತ್ತಾರೆ ಅಜ್ಜಿ?" ಅವರು ನಕ್ಕು, "ನನಗೆ ತಿಕ್ಕುವುದು ಮಯ್ಯತ್‌ಗೆ ನೀರು ಹಾಕುವ ದಿನವೇ ಮಗಳೇ" ಎಂದರು. ಆ ನಗು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಆಪಾರ ಚೀಟಿಯನ್ನು ನಾನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲು ಅದೂ ಒಂದು ಕಾರಣ.

ಸ್ವೀಡನ್‌ಗೂ ಇದಕ್ಕೂ ಏನು ನಂಟು?

ಸ್ವೀಡನ್ ಯುರೋಪಿನ ಉತ್ತರದಲ್ಲಿರುವ ಚಳಿಯ ದೇಶ. ಅಲ್ಲಿ ಪೆರ್ ಹೆನ್ರಿಕ್ ಲಿಂಗ್ ಎಂಬ ಕತ್ತಿವರಸೆಯ ಶಿಕ್ಷಕರಿದ್ದರು (1776-1839). ದೇಹದ ಚಲನೆಯಿಂದಲೇ ದೇಹವನ್ನು ಸರಿಪಡಿಸಬಹುದೆಂದು ನಂಬಿ, 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವ್ಯಾಯಾಮದ ಶಾಲೆಯೊಂದನ್ನು ತೆರೆದರು. ಅದರ ಹೆಸರು ಎಲ್ಲೆಡೆ ಹರಡಿತು. ಆದರೆ ಇವತ್ತು ನಾವು ಸ್ವೀಡಿಷ್ ಮಸಾಜ್ ಎನ್ನುವುದಕ್ಕೆ ಕ್ರಮಬದ್ಧ ರೂಪ ಕೊಟ್ಟವರು ನೆದರ್ಲೆಂಡ್ಸ್‌ನ ವೈದ್ಯ ಯೋಹಾನ್ ಮೆಜ್ಗರ್ (1838-1909) ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ತಮಾಷೆಯೆಂದರೆ ಸ್ವೀಡನ್ನಿನವರು ಇದನ್ನು ಸ್ವೀಡಿಷ್ ಎನ್ನುವುದೇ ಇಲ್ಲ, 'ಕ್ಲಾಸಿಕ್ ಮಸಾಜ್' ಎನ್ನುತ್ತಾರೆ. ನಮ್ಮೂರಿನ ಗೋಬಿ ಮಂಚೂರಿಯನ್ನು ಚೀನಾದವರು ಗುರುತಿಸದ ಹಾಗೆ!

ಇದೇನು ಪರದೇಶದ ಹೊಸ ಶೋಕಿ ಎಂದುಕೊಳ್ಳಬೇಡಿ. ಮೈ ಒತ್ತಿ ನೀವಿ ನೋವು ಕಳೆಯುವ ವಿದ್ಯೆ ನಮಗೆ ಹಳೆಯದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ವೈದ್ಯಗ್ರಂಥದಲ್ಲಿ 'ದಲ್ಕ್' ಅಂದರೆ ಅಂಗಮರ್ದನದ ಬಗೆಗಳನ್ನು ವಿವರಿಸಿದ್ದಾರೆ. ಬಿರುಸಾಗಿ ಉಜ್ಜಿದರೆ ಮೈ ಗಟ್ಟಿಯಾಗುತ್ತದೆ, ಮೆದುವಾಗಿ ಉಜ್ಜಿದರೆ ಸಡಿಲವಾಗುತ್ತದೆ, ವ್ಯಾಯಾಮಕ್ಕೆ ಮುಂಚೆ ಮಾಡುವುದು ಬೇರೆ, ನಂತರ ಮಾಡುವುದು ಬೇರೆ ಎಂದೆಲ್ಲ ಅವರು ವಿಂಗಡಿಸಿದ್ದರು. ಇಂದಿಗೂ ಯುನಾನಿ ಪದ್ಧತಿಯಲ್ಲಿ ಅದು ಚಿಕಿತ್ಸೆಯ ಒಂದು ಭಾಗ. 1984ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇಂತಹ ಚಿಕಿತ್ಸೆಗಳಿಗೆಂದೇ ಒಂದು ವಿಭಾಗವಿದೆ. ಆಯುರ್ವೇದದ ಅಭ್ಯಂಗವಂತೂ ನಮ್ಮ ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತು. ಅಭ್ಯಂಗದಲ್ಲಿ ಔಷಧಿಯ ಬಿಸಿ ಎಣ್ಣೆಯೇ ಮುಖ್ಯ, ಮೈ ತೊಯ್ಯುವಷ್ಟು ಹಾಕುತ್ತಾರೆ. ಸ್ವೀಡಿಷ್‌ನಲ್ಲಿ ಎಣ್ಣೆ ಕೈ ಜಾರಲು ಬೇಕಾದಷ್ಟು ಮಾತ್ರ. ಅಲ್ಲಿ ಕೆಲಸ ಮಾಡುವುದು ಕೈ.

ಆಪಾರ ನಾಲ್ಕನೆಯ ಪ್ರಶ್ನೆಗೆ, ಅಂದರೆ 'ಮರ್ಯಾದಸ್ಥರ ಜಾಗವಾ' ಎಂಬುದಕ್ಕೆ, ನಾನು ಒಂದು ಹಳೆಯ ಘಟನೆಯನ್ನು ಹೇಳಿದೆ. ಈ ಸಂಶಯ ನಮ್ಮದು ಮಾತ್ರವಲ್ಲ. 1894ರಲ್ಲಿ ಲಂಡನ್ನಿನಲ್ಲಿ ಮಸಾಜ್ ಹೆಸರಿನ ಕೆಲವು ಮನೆಗಳಲ್ಲಿ ಬೇರೆಯೇ ದಂಧೆ ನಡೆಯುತ್ತಿದೆಯೆಂದು ದೊಡ್ಡ ಗದ್ದಲವಾಯಿತು. ಪ್ರಾಮಾಣಿಕವಾಗಿ ಈ ವೃತ್ತಿ ಮಾಡುತ್ತಿದ್ದ ದಾದಿಯರ ಹೆಸರಿಗೂ ಮಸಿ ಬಿತ್ತು. ಆಗ ಲೂಸಿ ರಾಬಿನ್ಸನ್, ರೊಸಾಲಿಂಡ್ ಪೇಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಮಹಿಳೆಯರು ಸೇರಿ ತರಬೇತಿ ಪಡೆದ ಮಸಾಜ್ ಮಹಿಳೆಯರ ಸಂಘವೊಂದನ್ನು ಕಟ್ಟಿದರು. ಪರೀಕ್ಷೆ ಇಟ್ಟರು, ನಿಯಮ ಹಾಕಿದರು. ವೈದ್ಯರ ಸೂಚನೆಯಿಲ್ಲದೆ ಮಸಾಜ್ ಮಾಡಕೂಡದು, ಪುರುಷರಿಗೆ ಸಾಮಾನ್ಯ ಮಸಾಜ್ ಮಾಡಕೂಡದು, ಬೇಕಾಬಿಟ್ಟಿ ಜಾಹೀರಾತು ಕೊಡಕೂಡದು. ಆ ಸಂಘವೇ ಬೆಳೆದು ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಸ್ಥೆಯಾಯಿತು. ಇವತ್ತು ಆಸ್ಪತ್ರೆಗಳಲ್ಲಿ ಬಿಳಿ ಕೋಟು ಹಾಕಿಕೊಂಡು ಮೊಣಕಾಲಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್‌ಗಳ ವೃತ್ತಿಗೆ ಬುನಾದಿ ಹಾಕಿದವರಲ್ಲಿ ಮಾನ ಉಳಿಸಿಕೊಳ್ಳಲು ಹೊರಟ ಆ ನಾಲ್ವರೂ ಸೇರಿದ್ದಾರೆ. ಆದುದರಿಂದ ಜಾಗವನ್ನು ಪರೀಕ್ಷಿಸಿ ಹೋಗುವುದು ಹಳ್ಳಿಗುಗ್ಗುತನವಲ್ಲ.

ಫೋನಿನಲ್ಲೇ ಕೇಳಿಬಿಡಿ

ಆಪಾ ಒಪ್ಪಿದ ಮೇಲೆ ಚೀಟಿಯಲ್ಲಿದ್ದ ಸಂಖ್ಯೆಗೆ ನಾನೇ ಫೋನ್ ಮಾಡಿದೆ. "ಮಹಿಳೆಯರೇ ಮಾಡುತ್ತಾರಾ?" ಎಂದು ಕೇಳಿದಾಗ, "ಸಾಮಾನ್ಯವಾಗಿ ಹೌದು ಮೇಡಂ, ಆ ದಿನ ಯಾರಿರುತ್ತಾರೋ ನೋಡಬೇಕು" ಎಂಬ ಉತ್ತರ ಬಂತು. ಇಂತಹ 'ಸಾಮಾನ್ಯವಾಗಿ'ಗೆ ಒಪ್ಪಿಕೊಳ್ಳಬೇಡಿ. "ಖಚಿತವಾಗಿ ಮಹಿಳೆಯೇ ಇರುವ ದಿನ ಹೇಳಿ, ಆ ದಿನ ಬರುತ್ತೇವೆ" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಫೋನ್ ಮಾಡಿ ದಿನ ತಿಳಿಸಿದರು. ನಾವು ಬಾಯಿ ಬಿಟ್ಟು ಕೇಳಿದರೆ ಅವರೂ ವ್ಯವಸ್ಥೆ ಮಾಡುತ್ತಾರೆ.

ಇನ್ನೂ ಕೆಲವನ್ನು ಕೇಳಬೇಕು. ತರಬೇತಿ ಎಲ್ಲಿ ಪಡೆದವರು? ಜೊತೆಗೆ ಬಂದವರು ಹೊರಗೆ, ಬೇಕಾದರೆ ಕೋಣೆಯ ಒಳಗೇ, ಕುಳಿತುಕೊಳ್ಳಬಹುದೇ? ಒಳಗಿನಿಂದ ಬಾಗಿಲು ಹಾಕಿಕೊಳ್ಳಲು ಆಗುತ್ತದೆಯೇ? ಮೈ ಮುಚ್ಚಲು ಹೊದಿಕೆ ಕೊಡುತ್ತಾರೆಯೇ? ಹೊದಿಕೆ ಎಂದಾಕ್ಷಣ ತಡವರಿಸುವ ಜಾಗಕ್ಕೆ ಹೋಗುವುದೇ ಬೇಡ. ಒಳಗೆ ಮೊಬೈಲ್ ತರಬಾರದೆಂಬ ನಿಯಮ ನಿಮಗೆ ಹೇಗೋ ಹಾಗೆ ಕೆಲಸ ಮಾಡುವವಳಿಗೂ ಇರಬೇಕು.

ಸಮಯದ ವಿಷಯದಲ್ಲಿ, ಝುಹರ್ ನಮಾಝ್ ಮುಗಿಸಿ ಹೊರಟರೆ ಅನುಕೂಲ. ಊಟವಾದ ತಕ್ಷಣ ಹೋಗಬೇಡಿ. ಹೊಟ್ಟೆಯ ಮೇಲೆ ಮಲಗಬೇಕಾಗುತ್ತದೆ, ಬಿರಿಯಾನಿ ತಿಂದು ಹೋದರೆ ಪಾಡು ಬೇಡ.

ಕೋಣೆಯೊಳಗೆ

ಮೊದಲು ಪ್ರಶ್ನೆಗಳು. ಬಿ.ಪಿ. ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಗರ್ಭಿಣಿಯೇ, ಇತ್ತೀಚೆಗೆ ಆಪರೇಷನ್ ಆಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತೀರೇ, ಯಾವ ಎಣ್ಣೆಯಾದರೂ ಮೈಗೆ ಆಗಿಬರುವುದಿಲ್ಲವೇ ಎಂದು ಕೇಳಬೇಕು. ಏನನ್ನೂ ಕೇಳದೆ ನೇರ ಮಲಗಲು ಹೇಳಿದರೆ, ಅವರಿಗೆ ಕೆಲಸ ಗೊತ್ತಿಲ್ಲವೆಂದೇ ತಿಳಿಯಿರಿ. ಆಗ ನೀವೇ ಹೇಳಿ. ಮುಚ್ಚಿಡಬೇಡಿ.

ಆಮೇಲೆ ಆಕೆ ಹೊರಗೆ ಹೋಗುತ್ತಾಳೆ. ಈ ಒಂದು ವಿಷಯ ಆಪಾರ ಅರ್ಧ ಭಯವನ್ನು ಕಳೆಯಿತು. ಬಟ್ಟೆ ಬದಲಿಸುವಾಗ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಎಷ್ಟು ತೆಗೆಯಬೇಕು ಎಂಬುದು ನಿಮ್ಮ ಇಷ್ಟ. ಒಳ ಉಡುಪು ಹಾಗೆಯೇ ಇರಬಹುದು, ಸಡಿಲವಾದ ಸಲ್ವಾರ್ ಇಟ್ಟುಕೊಳ್ಳಬಹುದು. ಎತ್ತರದ ಮೇಜಿನ ಮೇಲೆ ಹೊದಿಕೆಯ ಅಡಿ ಮಲಗಿದ ಮೇಲೆ ಆಕೆ ಬಾಗಿಲು ತಟ್ಟಿ ಒಳಗೆ ಬರುತ್ತಾಳೆ. ಎಲ್ಲಿ ಕೈಯಾಡಿಸಬೇಕೋ ಅಷ್ಟು ಭಾಗದ ಹೊದಿಕೆಯನ್ನು ಮಾತ್ರ ಸರಿಸಿ, ಅಲ್ಲಿ ಮುಗಿದ ಕೂಡಲೇ ಮುಚ್ಚಿ, ಮುಂದಿನ ಭಾಗಕ್ಕೆ ಹೋಗುತ್ತಾಳೆ. ಎದೆಯ ಭಾಗವನ್ನೂ ಗುಪ್ತ ಭಾಗಗಳನ್ನೂ ಮುಟ್ಟುವುದೇ ಇಲ್ಲ. ಇದು ಈ ವಿದ್ಯೆಯನ್ನು ಕಲಿಸುವಾಗಲೇ ಕಲಿಸುವ ಕ್ರಮ, ನಮಗಾಗಿ ಮಾಡುವ ವಿಶೇಷ ಉಪಕಾರವಲ್ಲ.

ಸ್ತ್ರೀಯರ ನಡುವೆಯೂ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಮರೆ ಇರಬೇಕೆಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ ಎಂಬುದು ನಿಮಗೆ ತಿಳಿದಿದೆ. ಇದನ್ನು ಆಕೆಗೆ ಮೊದಲೇ ಒಂದು ಮಾತಿನಲ್ಲಿ ಹೇಳಿದರೆ ಸಾಕು: "ಬೆನ್ನು, ಹೆಗಲು, ಕತ್ತು, ಕೈ, ಪಾದ ಮಾಡಿ. ಸೊಂಟದ ಕೆಳಗಿನದನ್ನು ಬಟ್ಟೆಯ ಮೇಲಿನಿಂದ ಒತ್ತಿ, ತೊಡೆ ಬಿಡಿ." ಆಪಾ ಹೀಗೆಯೇ ಹೇಳಿದರು. ಆ ಹುಡುಗಿ ತಲೆಯಾಡಿಸಿ, "ಬಹಳ ಜನ ಹೀಗೇ ಹೇಳುತ್ತಾರೆ ಅಮ್ಮಾ" ಎಂದಳಂತೆ.

ಮೇಜಿನ ತುದಿಯಲ್ಲಿ ಮುಖ ಇಡಲು ಒಂದು ತೂತು ಇರುತ್ತದೆ. ಹೊಟ್ಟೆಯ ಮೇಲೆ ಮಲಗಿದಾಗ ಮುಖ ಅದರಲ್ಲಿ, ಕಣಕಾಲಿನ ಅಡಿ ಒಂದು ದಿಂಬು. ಅಂಗಾತ ಮಲಗಿದಾಗ ಮೊಣಕಾಲಿನ ಅಡಿ ದಿಂಬು.

ಇನ್ನು ಕೈಕೆಲಸ. ಇದರಲ್ಲಿ ಐದು ಬಗೆ. ಫ್ರೆಂಚ್ ಹೆಸರುಗಳಿವೆ, ಅವು ನಮಗೆ ಬೇಡ. ಮೊದಲಿನದು ನೀವುವುದು: ಇಡೀ ಅಂಗೈಯಿಂದ ಉದ್ದಕ್ಕೆ, ಕೈಕಾಲುಗಳಲ್ಲಾದರೆ ತುದಿಯಿಂದ ಹೃದಯದ ಕಡೆಗೆ. ಎಣ್ಣೆ ಹರಡುವುದೂ ಇದರಲ್ಲೇ, ಮೈ ಆ ಕೈಗೆ ಹೊಂದಿಕೊಳ್ಳುವುದೂ ಇದರಲ್ಲೇ. ಎರಡನೆಯದು ನಾದುವುದು. ಚಪಾತಿ ಹಿಟ್ಟು ನಾದುವವರಿಗೆ ವಿವರಿಸಬೇಕಿಲ್ಲ. ಹೆಗಲಿನ ಸ್ನಾಯುವನ್ನು ಹಿಡಿದು, ಎತ್ತಿ, ಹಿಂಡಿ ಬಿಡುತ್ತಾರೆ. ಗಂಟಾಗಿರುವ ಜಾಗ ಸಿಗುವುದು ಆಗಲೇ. ಅಲ್ಲಿ ಮೂರನೆಯದು, ಅಂದರೆ ಹೆಬ್ಬೆರಳು ಇಲ್ಲವೇ ಬೆರಳ ತುದಿಯಿಂದ ಒತ್ತಿ ಸಣ್ಣ ಸಣ್ಣ ಸುತ್ತು ತಿಕ್ಕುವುದು. ನಾಲ್ಕನೆಯದು ತಟ್ಟುವುದು. ಅಂಗೈಯ ಅಂಚಿನಿಂದ ಅಥವಾ ಬಟ್ಟಲಿನಂತೆ ಮಡಚಿದ ಕೈಯಿಂದ ಲಯವಾಗಿ ತಟ್ಟುತ್ತಾರೆ. ಮೂತ್ರಪಿಂಡವಿರುವ ಪಕ್ಕೆಯ ಮೇಲೆ, ಬೆನ್ನೆಲುಬಿನ ಮೇಲೆ ನೇರವಾಗಿ ಬಿರುಸಾಗಿ ತಟ್ಟಬಾರದು. ಕೊನೆಯದು ಕಂಪನ, ಬೆರಳಿಟ್ಟು ಮೆಲ್ಲಗೆ ನಡುಗಿಸುವುದು. ಎಲ್ಲ ಮುಗಿದು ಮತ್ತೆ ಉದ್ದಕ್ಕೆ ನೀವಿ ಬಿಡುತ್ತಾರೆ.

ಒತ್ತಡ ಎಷ್ಟಿರಬೇಕು? ನಮ್ಮಲ್ಲಿ ಒಂದು ತಪ್ಪು ನಂಬಿಕೆ ಇದೆ, ನೋಯಿಸಿದರೇ ಗುಣ ಎಂದು. ಹಲ್ಲು ಕಚ್ಚಿ ಸಹಿಸಿಕೊಳ್ಳುತ್ತೇವೆ. ಸ್ವೀಡಿಷ್ ಮಸಾಜ್‌ಗೆ ಹಲ್ಲು ಕಚ್ಚುವ ಅಗತ್ಯವೇ ಇಲ್ಲ. ಹಿತವಾದ ನೋವು ಬೇರೆ, ಉಸಿರು ಬಿಗಿಹಿಡಿಯುವ ನೋವು ಬೇರೆ. ಉಸಿರು ಬಿಗಿಯಾಯಿತೆಂದರೆ "ಮೆಲ್ಲಗೆ" ಎನ್ನಿ. ಬೇಡವೆನಿಸಿದರೆ ಯಾವ ಕ್ಷಣದಲ್ಲಾದರೂ "ಸಾಕು" ಎನ್ನಿ. ಚೀಟಿಯಲ್ಲಿ ಅರವತ್ತು ನಿಮಿಷ ಬರೆದಿದೆ ಎಂಬ ಕಾರಣಕ್ಕೆ ಅಷ್ಟೂ ಹೊತ್ತು ಮಲಗಿರಬೇಕೆಂದೇನೂ ಇಲ್ಲ.

ಹೊಟ್ಟೆ ಗುಡುಗುಡು ಎನ್ನಬಹುದು. ನಿದ್ದೆ ಬಂದು ಗೊರಕೆ ಹೊಡೆಯಬಹುದು. ಕೆಲವರಿಗೆ ಯಾಕೆಂದು ತಿಳಿಯದೆ ಕಣ್ಣೀರು ಬರುತ್ತದೆ. ಆಪಾಗೂ ಬಂತಂತೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ನನಗೆ ಅವರು ಅದನ್ನು ಹೇಳಿದ್ದು ಭದ್ರಾವತಿಯ ಬಸ್ಸಿನಲ್ಲಿ ಕುಳಿತ ಮೇಲೆ. "ಏನೂ ನೋವಾಗಲಿಲ್ಲ. ಅವಳು ಕತ್ತಿನ ಹಿಂದೆ ಕೈ ಇಟ್ಟಳು ಅಷ್ಟೇ. ಅಮ್ಮೀ ಹೋದ ಮೇಲೆ ನನ್ನ ತಲೆ ಯಾರೂ ಮುಟ್ಟಿರಲಿಲ್ಲ." ಆಮೇಲೆ ಊರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕುಳಿತರು.

ಮೇಜಿನಿಂದ ಏಳುವಾಗ ಮಾತ್ರ ಅವಸರ ಬೇಡ. ಪಕ್ಕಕ್ಕೆ ಹೊರಳಿ, ಕುಳಿತು, ನಾಲ್ಕು ಉಸಿರು ತೆಗೆದುಕೊಂಡು ಇಳಿಯಿರಿ. ರಕ್ತದೊತ್ತಡ ತುಸು ಇಳಿದಿರುತ್ತದೆ, ತಲೆ ಸುತ್ತಬಹುದು. ಮರುದಿನ ಮೈ ಸ್ವಲ್ಪ ಭಾರವೆನಿಸಿದರೆ ಗಾಬರಿಯಾಗಬೇಡಿ. ಎರಡು ದಿನ ಕಳೆದರೂ ನೋವು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ.

ಕೈ ಮುಟ್ಟಿಸಬಾರದ ಹೊತ್ತು

ಈ ಲೇಖನದಲ್ಲಿ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ನನ್ನ ತಂಗಿಗೆ ಎರಡನೇ ಹೆರಿಗೆ ಸಿಸೇರಿಯನ್ ಆಯಿತು. ಮನೆಗೆ ಬಂದು ಕೆಲವು ದಿನಗಳಾದ ಮೇಲೆ ಎಡಗಾಲಿನ ಮೀನಖಂಡ ನೋಯಲು ತೊಡಗಿತು. ಕಾಲು ಸ್ವಲ್ಪ ಊದಿತ್ತು, ಮುಟ್ಟಿದರೆ ಬಿಸಿ. ಮನೆಯಲ್ಲಿ ಎಲ್ಲರ ತೀರ್ಮಾನ ಒಂದೇ: "ಬಾಣಂತಿ ವಾಯು, ಎಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ತಿಕ್ಕಿದರೆ ಹೋಗುತ್ತದೆ." ಆ ದಿನ ಹದಿನಾಲ್ಕನೆಯ ದಿನದ ಭೇಟಿಗೆಂದು ಆಶಾ ಕಾರ್ಯಕರ್ತೆ ಬಂದಿದ್ದರು. ಎಣ್ಣೆಯ ಬಟ್ಟಲು ಆಗಲೇ ಮಂಚದ ಪಕ್ಕದಲ್ಲಿತ್ತು. ಅವರು ಎರಡೂ ಕಾಲುಗಳನ್ನು ಒಟ್ಟಿಗೆ ನೋಡಿ, "ಒಂದೇ ಕಾಲು ಊದಿದೆ. ತಿಕ್ಕಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ" ಎಂದರು. ನಮ್ಮ ಅತ್ತೆಗೆ ಸಿಟ್ಟೇ ಬಂತು. ಆದರೂ ಆಟೋ ತರಿಸಿದೆವು. ಸ್ಕ್ಯಾನ್ ಮಾಡಿದಾಗ ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಇದು ಅಪರೂಪದ ಕಾಯಿಲೆಯೇನಲ್ಲ. ಗರ್ಭಿಣಿಯಾಗಿದ್ದಾಗ ಮತ್ತು ಹೆರಿಗೆಯ ನಂತರದ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಸಿಸೇರಿಯನ್ ಆದವರಲ್ಲಿ, ಹಾಸಿಗೆ ಬಿಟ್ಟು ಏಳದೆ ಮಲಗಿಯೇ ಇರುವವರಲ್ಲಿ ಇನ್ನೂ ಹೆಚ್ಚು. ಆ ಹೆಪ್ಪನ್ನು ತಿಕ್ಕಿದರೆ ಅದು ಕಳಚಿ, ರಕ್ತದೊಂದಿಗೆ ಹರಿದು ಶ್ವಾಸಕೋಶವನ್ನು ಮುಚ್ಚಬಹುದು. ಕ್ಷಣಗಳಲ್ಲಿ ಜೀವ ಹೋಗಬಹುದು. ಒಂದೇ ಕಾಲಿನ ಊತ, ಮೀನಖಂಡದ ನೋವು, ಬಿಸಿ, ಕೆಂಪು. ಇದರಲ್ಲಿ ಯಾವುದಿದ್ದರೂ ಎಣ್ಣೆ ಪಕ್ಕಕ್ಕಿಡಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ. ನನ್ನ ತಂಗಿ ಚುಚ್ಚುಮದ್ದು, ಮಾತ್ರೆಗಳಿಂದ ಗುಣವಾದಳು, ಅಲ್‌ಹಮ್ದುಲಿಲ್ಲಾಹ್. ಆಕೆಯ ಮಗ ಈಗ ಶಾಲೆಗೆ ಹೋಗುತ್ತಾನೆ.

ಬಾಣಂತಿಗೆ ಎಣ್ಣೆ ತಿಕ್ಕುವ ಪದ್ಧತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಅಜ್ಜಿಯ ಕೈಯ ಸುಖ ಉಂಡವಳು ನಾನು. ಬೆನ್ನು, ಹೆಗಲು, ಕೈಗಳಿಗೆ ಮೆಲ್ಲಗೆ ತಿಕ್ಕಿಸಿಕೊಳ್ಳಿ. ಸಿಸೇರಿಯನ್ ಗಾಯ ಪೂರ್ತಿ ಮಾಗಿ ವೈದ್ಯರು ಒಪ್ಪುವವರೆಗೆ ಹೊಟ್ಟೆಯ ಹತ್ತಿರ ಕೈ ಬೇಡ. ದಿನಕ್ಕೆ ನಾಲ್ಕು ಸಲವಾದರೂ ಎದ್ದು ನಡೆಯಿರಿ. ನಲವತ್ತು ದಿನ ಮಲಗಿಯೇ ಇರಬೇಕೆಂಬುದು ಒಳ್ಳೆಯದಲ್ಲ.

ಗರ್ಭಿಣಿಯರು ವೈದ್ಯರನ್ನು ಕೇಳದೆ ಮಸಾಜ್‌ಗೆ ಹೋಗಬಾರದು. ಹೋದರೂ ಪಕ್ಕಕ್ಕೆ ಮಲಗಿಸಿ ಮಾಡುವುದನ್ನು ಕಲಿತವರ ಬಳಿಗೆ ಮಾತ್ರ. ಜ್ವರ ಇದ್ದಾಗ, ಚರ್ಮದ ಸೋಂಕು ಅಥವಾ ತೆರೆದ ಗಾಯ ಇದ್ದಾಗ, ಮೂಳೆ ಮುರಿದಿದ್ದಾಗ, ಬಿ.ಪಿ. ಹತೋಟಿಯಲ್ಲಿ ಇಲ್ಲದಿದ್ದಾಗ ಬೇಡ. ಮೂಳೆ ಸವೆದ ವೃದ್ಧೆಯರಿಗೆ ಒತ್ತಡ ಕೂಡದು. ಊದಿ ಗಂಟಾದ ಕಾಲಿನ ನರಗಳ ಮೇಲೆ ಒತ್ತಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಎಷ್ಟು ಒತ್ತಿದರು, ಎಣ್ಣೆ ಎಷ್ಟು ಬಿಸಿಯಿತ್ತು ಎಂಬುದೇ ತಿಳಿಯುವುದಿಲ್ಲ, ಗಾಯವಾದ ಮೇಲೆ ಗೊತ್ತಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ತಮ್ಮ ವೈದ್ಯರನ್ನೇ ಕೇಳಬೇಕು.

ಇದರಿಂದ ಸಿಗುವುದೇನು?

ಬೋರ್ಡುಗಳಲ್ಲಿ ಬರೆದಿರುವುದನ್ನೆಲ್ಲ ನಂಬಬೇಡಿ. ಮಸಾಜ್‌ನಿಂದ ಬೊಜ್ಜು ಕರಗುವುದಿಲ್ಲ. ದೇಹದ 'ವಿಷ' ಹೊರಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ, ಆ ಕೆಲಸವನ್ನು ಅಲ್ಲಾಹನು ಕೊಟ್ಟ ಯಕೃತ್ತು ಮತ್ತು ಮೂತ್ರಪಿಂಡ ದಿನವೂ ಸುಮ್ಮನೆ ಮಾಡುತ್ತಿವೆ. ಸಕ್ಕರೆ ಕಾಯಿಲೆ ಹೋಗುವುದಿಲ್ಲ. ಸವೆದ ಮೊಣಕಾಲು ಹೊಸತಾಗುವುದಿಲ್ಲ.

ಸೊಂಟನೋವಿನ ಬಗ್ಗೆ ಜಗತ್ತಿನ ಬೇರೆಬೇರೆ ಕಡೆ ನಡೆದ 25 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಪರಿಶೀಲನೆ 2015ರಲ್ಲಿ ಪ್ರಕಟವಾಯಿತು. ಮಸಾಜ್ ಮಾಡಿಸಿಕೊಂಡವರಿಗೆ ಸ್ವಲ್ಪ ಕಾಲ ನೋವು ಕಡಿಮೆಯಾಗುತ್ತದೆ, ಆದರೆ ಬಹುಕಾಲ ಉಳಿಯುತ್ತದೆ ಎನ್ನಲು ಬಲವಾದ ಆಧಾರವಿಲ್ಲ ಎಂಬುದು ಅದರ ಸಾರ. ನನ್ನ ಅನುಭವವೂ ಅಷ್ಟೇ. ಹೆಗಲು ಸಡಿಲವಾಗುತ್ತದೆ, ಆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ, ಮನಸ್ಸಿನ ಬಿಗಿ ತುಸು ಇಳಿಯುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟವರಿಗೆ ಒಂದು ರಾತ್ರಿಯ ನಿದ್ದೆ ಸಣ್ಣದಲ್ಲ. ಆದರೆ ನೋವು ಕಾಲಿನವರೆಗೆ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ, ಮೂತ್ರ ಹಿಡಿತ ತಪ್ಪುತ್ತಿದ್ದರೆ ಮಸಾಜ್ ಮೇಜಿಗೆ ಹೋಗಬೇಡಿ, ಮೂಳೆ ವೈದ್ಯರ ಬಳಿಗೆ ಹೋಗಿ.

ಎಲ್ಲಿಗೆ ಹೋಗುವುದು? ಪಾರ್ಲರ್ ಒಂದೇ ದಾರಿಯಲ್ಲ. ಶಿವಮೊಗ್ಗದಲ್ಲಿ ಸರಕಾರಿ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿಯದು ಸ್ವೀಡಿಷ್ ಅಲ್ಲ, ಪಂಚಕರ್ಮದ ಅಭ್ಯಂಗ, ಆದರೆ ವೈದ್ಯರು ಪರೀಕ್ಷಿಸಿದ ಮೇಲೆ ಮಾಡುವಂತಹುದು. ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ ಫಿಸಿಯೋಥೆರಪಿಯ ಬಗ್ಗೆ ಕೇಳಬಹುದು. ಸ್ವೀಡಿಷ್ ಮಸಾಜನ್ನು ಪಾಠವಾಗಿಯೇ ಕಲಿಸುವುದು ಪ್ರಕೃತಿ ಚಿಕಿತ್ಸೆಯ ಕಾಲೇಜುಗಳಲ್ಲಿ. ಚಾರ್ಮಾಡಿ ಘಾಟಿ ಇಳಿದರೆ ಉಜಿರೆಯಲ್ಲಿ ಅಂತಹ ಕಾಲೇಜು 1989ರಿಂದ ಇದೆ. ಅಲ್ಲಿ ಐದೂವರೆ ವರ್ಷ ಓದಿದ ವೈದ್ಯರ ಹೆಸರಿನ ಮುಂದೆ ಬಿ.ಎನ್.ವೈ.ಎಸ್. ಎಂದಿರುತ್ತದೆ. ಅಂತಹವರ ಉಸ್ತುವಾರಿ ಇರುವ ಕಡೆ ಮಹಿಳೆಯರಿಗೆ ಮಹಿಳೆಯರೇ ಇದ್ದಾರೆಯೇ ಎಂದು ಕೇಳಿಕೊಂಡು ಹೋದರೆ ಅರ್ಧ ಚಿಂತೆ ಕಳೆದಂತೆ.

ಮನೆಯಲ್ಲೇ ಹತ್ತು ನಿಮಿಷ

ದೊಡ್ಡ ಕಡೆಗಳಲ್ಲಿ ಒಂದು ಗಂಟೆಗೆ ಸಾವಿರಗಳಲ್ಲಿ ದುಡ್ಡು ಕೇಳುತ್ತಾರೆ. ಅಡಿಕೆ ಸುಲಿಯುವ ಸಹೋದರಿಗೆ ಅದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಐದರಲ್ಲಿ ಎರಡು ಬಗೆಯನ್ನು, ಅಂದರೆ ನೀವುವುದು ಮತ್ತು ನಾದುವುದನ್ನು, ಯಾರೂ ಮನೆಯಲ್ಲಿ ಕಲಿಯಬಹುದು.

ಕುರ್ಚಿಯಲ್ಲಿ ಹಿಂದುಮುಂದಾಗಿ ಕುಳ್ಳಿರಿಸಿ. ಎದೆಗೆ ದಿಂಬು ಕೊಟ್ಟು, ತೋಳುಗಳನ್ನು ಕುರ್ಚಿಯ ಬೆನ್ನಿನ ಮೇಲೆ ಇಡಿಸಿ. ಕೊಬ್ಬರಿ ಎಣ್ಣೆಯಾದರೂ ಸರಿ, ಎಳ್ಳೆಣ್ಣೆಯಾದರೂ ಸರಿ, ಒಂದು ಚಮಚ ಸಾಕು. ಅದನ್ನು ನಿಮ್ಮ ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಕತ್ತಿನ ಬುಡದಿಂದ ಹೆಗಲಿನ ತುದಿಯವರೆಗೆ ಹತ್ತು ಸಲ ನೀವಿ. ಆಮೇಲೆ ಹೆಗಲನ್ನು ಹಿಡಿದು ನಿಧಾನವಾಗಿ ನಾದಿ, ಒಂದೊಂದು ಕಡೆ ಎರಡು ನಿಮಿಷ. ಬೆನ್ನೆಲುಬಿನ ಮೇಲೆ ಒತ್ತಬೇಡಿ, ಅದರ ಎರಡು ಬದಿಯ ಸ್ನಾಯುಗಳ ಮೇಲೆ ಮಾತ್ರ. ಕತ್ತಿನ ಮುಂಭಾಗ, ಕತ್ತಿನ ಪಕ್ಕದ ನಾಡಿ ಮುಟ್ಟಬೇಡಿ. ಕತ್ತನ್ನು ತಿರುಗಿಸಿ 'ಲಟಕ್' ಎನಿಸುವ ಕ್ಷೌರದಂಗಡಿಯ ವಿದ್ಯೆಯಂತೂ ಖಂಡಿತ ಬೇಡ.

ಮಗಳು ತಾಯಿಗೆ, ಸೊಸೆ ಅತ್ತೆಗೆ, ಅತ್ತೆಯೂ ಸೊಸೆಗೆ ಮಾಡಬಹುದು. ಅತ್ತೆ ಸೊಸೆಗೆ ಮಾಡಿದ್ದನ್ನು ನಾನಿನ್ನೂ ಕಂಡಿಲ್ಲ, ಕಂಡವರು ದಯವಿಟ್ಟು ಬರೆದು ತಿಳಿಸಿ. ಇನ್ನು ಹೆಂಡತಿಯ ಹೆಗಲು ಒತ್ತಲು ಗಂಡನಿಗೆ ಯಾವ ಅಡ್ಡಿಯೂ ಇಲ್ಲ, ನಿಮ್ಮ ಯಜಮಾನರಿಗೂ ಎರಡು ಕೈಗಳಿವೆ. ಮೊದಲ ದಿನ ಅವರು ರೊಟ್ಟಿ ತಟ್ಟಿದ ಹಾಗೆ ತಟ್ಟಬಹುದು. "ಮೆಲ್ಲಗೆ" ಎನ್ನಿ, ಕಲಿಯುತ್ತಾರೆ.

ಆಪಾ ಆ ಚೀಟಿ ಮುಗಿದ ಮೇಲೆ ಮತ್ತೆ ಶಿವಮೊಗ್ಗಕ್ಕೆ ಹೋಗಿಲ್ಲ. ಶುಕ್ರವಾರ ಸಂಜೆ ಒಮ್ಮೊಮ್ಮೆ ನಮ್ಮ ಮನೆಗೆ ಬಂದು ಕುರ್ಚಿಯನ್ನು ತಾವೇ ತಿರುಗಿಸಿ ಕುಳಿತುಕೊಳ್ಳುತ್ತಾರೆ. ನಾನು ಅವರ ಹೆಗಲು ಒತ್ತುತ್ತೇನೆ, ನಂತರ ಅವರು ನನ್ನದು. ಪಾದಕ್ಕೂ ಎಣ್ಣೆ ಹಾಕಿದ ದಿನ ಅಂಗಾಲನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಂಡೇ ಏಳುತ್ತೇವೆ. ನೀವೂ ಹಾಗೆಯೇ ಮಾಡಿ. ಎಣ್ಣೆ ಕಾಲಿನಲ್ಲಿ ಬಚ್ಚಲಿಗೆ ಹೋಗಿ ಜಾರಿ ಬಿದ್ದವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.